ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್

ಬಿ.ಎ. ತರಗತಿಗೆ ಬರುವ ಮುನ್ನ ವಿಜ್ಞಾನವನ್ನು ಓದಿ ಬಂದ ಸ್ನೇಹಿತರು ಬೆನೆಡಿಕ್ಟ್ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಪ್ರಯೋಗಶಾಲೆಯಲ್ಲಿ ಸಕ್ಕರೆಯ ಅಂಶವನ್ನು ಪರೀಕ್ಷಿಸುವುದಕ್ಕೆ ಒಂದು ನೀಲಿ ದ್ರಾವಣವಿರುತ್ತದೆ. ಸಕ್ಕರೆಯಿದ್ದರೆ ಕಾಯಿಸಿದಾಗ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆ ದ್ರಾವಣವನ್ನು ಕಂಡುಹಿಡಿದವರು ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ರಸಾಯನಶಾಸ್ತ್ರಜ್ಞರು. ನಾನು ಬರೆಯಹೊರಟಿರುವುದು ಅವರ ವಿಚಾರವನ್ನಲ್ಲ. ಅವರ ಪತ್ನಿಯ ವಿಚಾರವನ್ನು. ಮದುವೆಯಿಂದ ಬಂದ ಹೆಸರನ್ನು ಗಂಡನಿಗಿಂತಲೂ ದೂರಕ್ಕೆ ಒಯ್ದ ಈ ಮಹಿಳೆ ಜಗತ್ತಿಗೆ ಪರಿಚಿತರಾದುದು ಮಾನವಶಾಸ್ತ್ರಜ್ಞೆಯಾಗಿ. ಆದರೆ ಆಕೆಯ ಗ್ರಂಥಗಳ ಹಿರಿಮೆಯನ್ನು ಹೇಳುವುದಕ್ಕಿಂತ, ಆಕೆ ಎಂತಹ ಕುರ್ಚಿಯ ಮೇಲೆ ಕುಳಿತು ಪಾಠ ಹೇಳಿದರೆಂಬುದನ್ನು ಹೇಳುವುದಕ್ಕೆ ನನಗೆ ಆಸೆ. ಅದಕ್ಕೆ ಕಾರಣವುಂಟು.

ನಮ್ಮ ಐದನೆಯ ಸೆಮಿಸ್ಟರಿನ ಮೊದಲ ಎರಡು ತಿಂಗಳು ಸಮಾಜಶಾಸ್ತ್ರದ ತರಗತಿಗಳು ನಡೆಯಲಿಲ್ಲವೆಂಬುದು ಸಹಪಾಠಿಗಳಿಗೆ ನೆನಪಿರಬಹುದು. ಆ ಪಾಠ ಹೇಳುವ ಮೇಡಂ ಅವರು ಅತಿಥಿ ಉಪನ್ಯಾಸಕರು. ಹನ್ನೊಂದು ವರ್ಷಗಳಿಂದ ಪಾಠ ಹೇಳುತ್ತಿರುವವರನ್ನು ಅತಿಥಿಗಳೆಂದು ಕರೆಯುವುದು ನಮ್ಮ ಭಾಷೆಯ ಒಂದು ವಿನೋದವೆಂದೇ ಹೇಳಬೇಕು. ಆ ವರ್ಷದ ನೇಮಕದ ಆದೇಶ ಇನ್ನೂ ಬಂದಿರಲಿಲ್ಲ. ಆದೇಶವಿಲ್ಲದೆ ತರಗತಿಗೆ ಕಾಲಿಡುವಂತಿರಲಿಲ್ಲ. ಒಂದು ದಿನ ಅವರು ಯಾವುದೋ ಪ್ರಮಾಣಪತ್ರಕ್ಕಾಗಿ ಕಚೇರಿಗೆ ಬಂದಿದ್ದರು. ಹೊರಗೆ ಮರದ ಕೆಳಗೆ ನಾವು ನಾಲ್ಕು ಜನ ಸುಮ್ಮನೆ ಕುಳಿತಿದ್ದುದನ್ನು ಕಂಡರು. ಚೀಲದಿಂದ ಹಾಳೆಗಳೆಲ್ಲ ಹಳದಿಯಾದ ಒಂದು ಪುಸ್ತಕವನ್ನು ತೆಗೆದು ನನ್ನ ಕೈಯಲ್ಲಿಟ್ಟು, ಇದನ್ನು ಓದಿಟ್ಟಿರಬೇಕೆಂದೂ ತರಗತಿಗಳು ಆರಂಭವಾದ ಮೇಲೆ ಮಾತನಾಡೋಣವೆಂದೂ ಹೇಳಿ ಬಸ್ಸಿಗೆ ಹೊರಟುಹೋದರು. ಆ ಪುಸ್ತಕ ರೂತ್ ಬೆನೆಡಿಕ್ಟ್ ಅವರ ‘ಪ್ಯಾಟರ್ನ್ಸ್ ಆಫ್ ಕಲ್ಚರ್’. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಪುಟದಂತೆ ಓದಿದೆ. ಓದುತ್ತ ಹೋದ ಹಾಗೆ ಬರೆದವರು ಯಾರು, ಎಂಥವರು ಎಂಬ ಕುತೂಹಲ ಹುಟ್ಟಿತು. ತಿಳಿದುಕೊಂಡ ಸಂಗತಿಗಳು ಪುಸ್ತಕದಷ್ಟೇ ನನ್ನನ್ನು ಕಾಡಿದವು.

ರೂತ್ ಹುಟ್ಟಿದುದು 1887ರ ಜೂನ್ 5ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಫ್ರೆಡರಿಕ್ ಫುಲ್ಟನ್ ಶಸ್ತ್ರವೈದ್ಯರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ತಾಯಿ ಆ ಸಣ್ಣ ಕೂಸನ್ನು ಎತ್ತಿಕೊಂಡು ಹೋಗಿ ಶವದ ಮುಖವನ್ನು ತೋರಿಸಿ, ಮರೆಯಬೇಡವೆಂದು ಅತ್ತರಂತೆ. ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿವರ್ಷವೂ ಆ ತಿಥಿ ಬಂದಾಗ ತಾಯಿ ಹಾಗೆಯೇ ಗೋಳಾಡುತ್ತಿದ್ದರು. ಇದರಿಂದ ಹುಡುಗಿಗೆ ಅಳುವೆಂದರೆ ಹೇಸಿಗೆ ಹುಟ್ಟಿತು. ಸತ್ತವರ ಪ್ರಶಾಂತವಾದ ಮುಖವೇ ಚೆಲುವಾಗಿ ಕಂಡಿತು. ಇದರ ಜೊತೆಗೆ ದಡಾರವಾಗಿ ಕಿವಿ ಮಂದವಾಯಿತು. ಕರೆದರೆ ಓಗೊಡದ ಮಗುವನ್ನು ಮನೆಯವರು ಹಟಮಾರಿಯೆಂದು ತಿಳಿದರು. ಕಿವಿ ಕೇಳಿಸುವುದಿಲ್ಲವೆಂಬುದು ಗೊತ್ತಾದುದು ಕೆಲವು ವರ್ಷಗಳ ಮೇಲೆ.

ತಾಯಿಯನ್ನು ಮಾತ್ರ ಬರಿಯ ಗೋಳಿನ ಹೆಂಗಸೆಂದು ತಿಳಿಯಬಾರದು. ಆಕೆ ವಾಸರ್ ಕಾಲೇಜಿನಲ್ಲಿ ಓದಿದವರು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ನಾರ್ವಿಚ್ ಬಳಿ ತವರಿನ ಹೊಲಮನೆಯಲ್ಲಿ ಕೆಲವು ಕಾಲ ಇದ್ದು, ಆಮೇಲೆ ಮಿಸ್ಸೌರಿ, ಮಿನ್ನೆಸೋಟ ಎಂದು ಕೆಲಸ ಸಿಕ್ಕಿದ ಊರಿಗೆಲ್ಲ ಹೋಗಿ ಪಾಠ ಹೇಳಿದರು. ಕೊನೆಗೆ ಬಫೆಲೋ ನಗರದ ಗ್ರಂಥಾಲಯದಲ್ಲಿ ಕೆಲಸ ಹಿಡಿದು ನೆಲೆಸಿದರು. ಸಂಬಳ ಸಣ್ಣದು. ಶ್ರೀಮಂತರ ಮಕ್ಕಳು ಓದುವ ಶಾಲೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುವ ಹುಡುಗಿಯ ಸಂಕೋಚ ಎಂಥದೆಂಬುದು ನಮ್ಮಲ್ಲಿ ಅನೇಕರಿಗೆ ವಿವರಿಸಬೇಕಾದ ವಿಷಯವಲ್ಲ. 1905ರಲ್ಲಿ ರೂತ್ ಮತ್ತು ತಂಗಿ ಮಾರ್ಜರಿ ಇಬ್ಬರೂ ವಿದ್ಯಾರ್ಥಿವೇತನ ಪಡೆದು ತಾಯಿ ಓದಿದ ವಾಸರ್ ಕಾಲೇಜಿಗೇ ಸೇರಿದರು. 1909ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಬಂದಿತು.

ಪದವಿ ಬಂದ ಮೇಲೆ ಏನು? ಈ ಪ್ರಶ್ನೆಗೆ ಉತ್ತರ ಸಿಕ್ಕುವುದಕ್ಕೆ ರೂತ್‌ಗೆ ಹತ್ತು ವರ್ಷ ಹಿಡಿಯಿತೆಂಬುದು ನನಗೆ ದೊಡ್ಡ ಸಮಾಧಾನ. ಒಂದು ವರ್ಷ ಯೂರೋಪಿನ ಪ್ರವಾಸ. ಒಂದಷ್ಟು ದಿನ ಬಫೆಲೋದಲ್ಲಿ ಬಡವರ ಸಹಾಯಸಂಘದ ಕೆಲಸ. ಬಳಿಕ ಕ್ಯಾಲಿಫೋರ್ನಿಯದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಪಾಠ. 1914ರಲ್ಲಿ ಸ್ಟ್ಯಾನ್ಲಿ ಬೆನೆಡಿಕ್ಟ್ ಅವರೊಡನೆ ವಿವಾಹವಾಯಿತು. ಮನೆ ನ್ಯೂಯಾರ್ಕಿನ ಹೊರವಲಯದಲ್ಲಿತ್ತು. ಗಂಡನಿಗೆ ಪ್ರಯೋಗಶಾಲೆ, ಸಂಶೋಧನೆ; ಹೆಂಡತಿಗೆ ಖಾಲಿ ಹೊತ್ತು. ಮಕ್ಕಳಾಗಲಿಲ್ಲ. ಸ್ತ್ರೀಯರ ಹಕ್ಕುಗಳಿಗಾಗಿ ಹೋರಾಡಿದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅವರ ಜೀವನಚರಿತ್ರೆಯನ್ನು ಬರೆದರು. ಪ್ರಕಾಶಕರು ಅದನ್ನು ಹಿಂದಕ್ಕೆ ಕಳುಹಿಸಿದರು. ಅದು ಅಚ್ಚಾದುದು ಬರೆದವರು ಸತ್ತು ಹನ್ನೊಂದು ವರ್ಷಗಳಾದ ಮೇಲೆ, 1959ರಲ್ಲಿ, ಮಾರ್ಗರೆಟ್ ಮೀಡ್ ಅವರು ಹೊರತಂದ ಸಂಪುಟವೊಂದರಲ್ಲಿ.

1919ರಲ್ಲಿ ನ್ಯೂಯಾರ್ಕಿನಲ್ಲಿ ‘ನ್ಯೂ ಸ್ಕೂಲ್’ ಎಂಬ ಹೊಸ ವಿದ್ಯಾಸಂಸ್ಥೆ ಆರಂಭವಾಯಿತು. ಮನೆಯಲ್ಲಿ ಬೇಸರವಾಗಿ ಕುಳಿತಿದ್ದ ಬೆನೆಡಿಕ್ಟ್ ಅಲ್ಲಿ ಎಲ್ಸಿ ಕ್ಲೂಸ್ ಪಾರ್ಸನ್ಸ್ ಮತ್ತು ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಉಪನ್ಯಾಸಗಳಿಗೆ ಹೋಗತೊಡಗಿದರು. ಹೊತ್ತು ಕಳೆಯುವುದಕ್ಕೆ ಹೋದವರಿಗೆ ಬಾಳಿನ ದಾರಿ ಕಂಡಿತು. ಆ ಗುರುಗಳು ಆಕೆಯನ್ನು 1921ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಫ್ರಾನ್ಜ್ ಬೋಆಸ್ ಅವರ ಬಳಿಗೆ ಕಳುಹಿಸಿದರು.

ಬೋಆಸ್ ಅವರ ಬಗ್ಗೆ ಎರಡು ಮಾತು ಹೇಳಬೇಕು. ಜರ್ಮನಿಯಿಂದ ಬಂದ ಈ ಪಂಡಿತರು ಅಮೆರಿಕದಲ್ಲಿ ಮಾನವಶಾಸ್ತ್ರವನ್ನು ವಿಶ್ವವಿದ್ಯಾನಿಲಯದ ಶಾಸ್ತ್ರವಾಗಿ ನೆಲೆಗೊಳಿಸಿದವರು. ಬಿಳಿಯರು ಹುಟ್ಟಿನಿಂದಲೇ ಬುದ್ಧಿವಂತರು, ಉಳಿದವರು ಹುಟ್ಟಿನಿಂದಲೇ ದಡ್ಡರು ಎಂಬ ಮತವನ್ನು ಅಳತೆ ಅಂಕಿಗಳ ಆಧಾರದಿಂದ ಖಂಡಿಸಿದವರು. ಹೆಣ್ಣುಮಕ್ಕಳಿಗೆ ಬೇರೆಡೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ತಮ್ಮ ಬಾಗಿಲನ್ನು ತೆರೆದಿಟ್ಟವರು. ಅವರ ಕೈಯಲ್ಲಿ ಬೆನೆಡಿಕ್ಟ್ ಎರಡು ವರ್ಷದೊಳಗೆ ಪ್ರಬಂಧವನ್ನು ಮುಗಿಸಿ 1923ರಲ್ಲಿ ಪಿಎಚ್.ಡಿ. ಪಡೆದರು. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಒಬ್ಬೊಬ್ಬನಿಗೂ ಒಂದು ಕಾವಲು ದೈವವಿರುತ್ತದೆಂಬ ನಂಬಿಕೆಯನ್ನು ಕುರಿತದ್ದು ಆ ಪ್ರಬಂಧ. ಆಗ ಆಕೆಗೆ ಮೂವತ್ತಾರು ವಯಸ್ಸು.

ಇಲ್ಲಿಂದ ಮುಂದಿನ ಎಂಟು ವರ್ಷಗಳೇ ನನ್ನ ಲೇಖನದ ಮುಖ್ಯ ಭಾಗ.

1923ರಲ್ಲಿ ಬೋಆಸ್ ಅವರ ಕೈಯಲ್ಲಿ ಒಂದು ಅಧ್ಯಾಪಕ ಸ್ಥಾನವಿದ್ದಿತು. ಕೊಲಂಬಿಯಕ್ಕೆ ಸೇರಿದ ಬಾರ್ನರ್ಡ್ ಮಹಿಳಾ ಕಾಲೇಜಿನಲ್ಲಿ. ಅದಕ್ಕೂ ಹಿಂದಿನ ವರ್ಷ ಬೆನೆಡಿಕ್ಟ್ ಅದೇ ಕಾಲೇಜಿನಲ್ಲಿ ಬೋಆಸ್ ಅವರಿಗೆ ಬೋಧನಾ ಸಹಾಯಕಿಯಾಗಿ ಕೆಲಸ ಮಾಡಿದ್ದರು. ಆದರೆ ಆ ಸ್ಥಾನ ಹೋದುದು ಗ್ಲಾಡಿಸ್ ರೈಕಾರ್ಡ್ ಎಂಬ ಇನ್ನೊಬ್ಬ ಶಿಷ್ಯೆಗೆ. ರೈಕಾರ್ಡ್ ಅವಿವಾಹಿತೆ, ದುಡಿದೇ ಉಣ್ಣಬೇಕು. ಬೆನೆಡಿಕ್ಟ್ ಗೃಹಿಣಿ, ಗಂಡನಿಗೆ ಒಳ್ಳೆಯ ಸಂಬಳವಿದೆ. ಹೀಗೆ ಲೆಕ್ಕ ಹಾಕಲಾಯಿತು. ರೈಕಾರ್ಡ್ ಅವರೂ ಯೋಗ್ಯರೇ. ಅವರಿಗೆ ಸಿಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆನೆಡಿಕ್ಟ್ ಅವರಿಗೆ ದೊರೆತುದು ಕೊಲಂಬಿಯದಲ್ಲಿ ಉಪನ್ಯಾಸಕಿಯ ಹೆಸರು, ಅದೂ ಒಂದೊಂದು ವರ್ಷದ ಅವಧಿಗೆ. ವರ್ಷ ಮುಗಿಯಿತೆಂದರೆ ನೇಮಕವೂ ಮುಗಿಯಿತು. ಮತ್ತೆ ಹೊಸ ಕಾಗದ ಬರಬೇಕು. ಹೀಗೆ 1931ರ ವರೆಗೂ ನಡೆಯಿತು.

ಉಳ್ಳವರ ಮನೆಯ ಹೆಣ್ಣುಮಗಳಿಗೆ ಹೊತ್ತು ಹೋಗುವುದಕ್ಕೊಂದು ಕೆಲಸ ಸಿಕ್ಕಿತು, ಇದರಲ್ಲಿ ಅಳುವಂಥದೇನಿದೆ ಎಂದು ಯಾರಾದರೂ ಕೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಊಟಕ್ಕೆ ಆಕೆಗೆ ಕೊರತೆಯಿರಲಿಲ್ಲ, ನಿಜ. ಆದರೆ ಈ ಎಂಟು ವರ್ಷಗಳಲ್ಲಿ ಆಕೆ ಮಾಡಿದ ಕೆಲಸವೆಷ್ಟೆಂದು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ವಾರದ ದಿನಗಳಲ್ಲಿ ನಗರದ ಬಾಡಿಗೆ ಕೋಣೆಯಲ್ಲಿ ವಾಸ. ವಾರದ ಕೊನೆಗೆ ಗಂಡನ ಮನೆ. ತರಗತಿಗಳ ಪಾಠ. ಹೊಸದಾಗಿ ಬಂದವರಿಗೆ ಯಾವ ವಿಷಯ ಹಿಡಿಯಬೇಕು, ಯಾರ ಬಳಿಗೆ ಹೋಗಬೇಕು ಎಂಬ ಸಲಹೆ. 1925ರಿಂದ ಅಮೆರಿಕದ ಜಾನಪದ ಸಂಘದ ಪತ್ರಿಕೆಯ ಸಂಪಾದಕತ್ವ. ಅದನ್ನು ಸುಮಾರು ಹದಿನೈದು ವರ್ಷ ಹೊತ್ತರು. ಬೋಆಸ್ ವೃದ್ಧರಾಗುತ್ತಿದ್ದಂತೆ ವಿಭಾಗದ ಸಣ್ಣ ದೊಡ್ಡ ಹೊರೆಯೆಲ್ಲ ಆಕೆಯ ಮೇಲೆ ಬಿದ್ದಿತು. ಹೊರೆಗೆ ಹೆಗಲು ಖಾಯಂ ಆಯಿತು. ನೇಮಕ ಮಾತ್ರ ಖಾಯಂ ಆಗಲಿಲ್ಲ.

ಪಾಠ ಹೇಳುವುದರಲ್ಲಿ ಬೆನೆಡಿಕ್ಟ್ ಮೊದಮೊದಲು ಗಟ್ಟಿಗರೇನೂ ಆಗಿರಲಿಲ್ಲ. ಸಂಕೋಚದ ಸ್ವಭಾವ; ಮಾತು ತಡವರಿಸುತ್ತಿತ್ತು; ಉಡುಪಿನ ಕಡೆಗೆ ಗಮನವಿಲ್ಲ. ವಿದ್ಯಾರ್ಥಿನಿಯರು ಕೇಳಿದ ಪ್ರಶ್ನೆ ಅರ್ಧ ಕಿವಿಗೆ ಬೀಳುತ್ತಿರಲಿಲ್ಲ. ತುಟಿಯ ಚಲನೆಯನ್ನು ನೋಡಿ ತಿಳಿದುಕೊಳ್ಳಬೇಕಾಗಿತ್ತು. ಹಾಗಿದ್ದೂ 1922ರಲ್ಲಿ ಬಾರ್ನರ್ಡ್‌ನ ಆ ತರಗತಿಯನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಅಲ್ಲಿನ ಒಂದೊಂದು ವಸ್ತುವನ್ನೂ ತೋರಿಸಿ ಹೇಳುತ್ತಿದ್ದಾಗ ಒಬ್ಬ ಹುಡುಗಿಗೆ ಮನಸ್ಸು ತಾಗಿತು. ಆ ಹುಡುಗಿಯೇ ಮಾರ್ಗರೆಟ್ ಮೀಡ್. ಮುಂದೆ ಸಮೋವ ದ್ವೀಪಗಳಿಗೆ ಹೋಗಿ ಲೋಕಪ್ರಸಿದ್ಧರಾದವರು. ಗುರುಶಿಷ್ಯೆಯರ ಸ್ನೇಹ ಕೊನೆಯವರೆಗೂ ಬಾಡಲಿಲ್ಲ. ರೂತ್ ಅಂಡರ್‌ಹಿಲ್ ಎಂಬ ಮತ್ತೊಬ್ಬ ಮಹಿಳೆ ನಲವತ್ತು ದಾಟಿದ ಮೇಲೆ ಓದಬೇಕೆಂದು ಕೊಲಂಬಿಯಕ್ಕೆ ಬಂದರು. ಮನುಷ್ಯರನ್ನು ಕುರಿತು ತಿಳಿಯಬೇಕೆಂಬ ಆಸೆಯಿಂದ ಒಂದೊಂದೇ ವಿಭಾಗದ ಬಾಗಿಲು ತಟ್ಟಿದಾಗ, ಇಲ್ಲಿಗೇ ಬನ್ನಿ, ನೀವು ಕೇಳುವುದು ಇಲ್ಲಿಯೇ ಇದೆ ಎಂಬ ಅರ್ಥದ ಸ್ವಾಗತವಿತ್ತವರು ಬೆನೆಡಿಕ್ಟ್. ಹಣವಿಲ್ಲದ ವಿದ್ಯಾರ್ಥಿಗಳಿಗೆ ತಮ್ಮ ಕೈಯಿಂದಲೇ ಕೊಟ್ಟದ್ದೂ ಉಂಟು. ಅರ್ಜಿ, ಸಮಿತಿ, ಸಹಿ ಯಾವುದೂ ಬೇಕಿರಲಿಲ್ಲ.

ಮಾನವಶಾಸ್ತ್ರವೆಂದರೆ ಪುಸ್ತಕ ಓದುವುದಷ್ಟೇ ಅಲ್ಲ. ಜನರ ನಡುವೆ ಹೋಗಿ ಇರಬೇಕು. ವರ್ಷದ ನೇಮಕದವರಿಗೆ ಅದಕ್ಕೆ ಸಿಕ್ಕುವುದು ಬೇಸಗೆಯ ರಜೆ ಮಾತ್ರ. 1922ರಲ್ಲಿ ಕ್ಯಾಲಿಫೋರ್ನಿಯದ ಸೆರ್ರಾನೊ ಜನರ ನಡುವೆ ಸ್ವಲ್ಪ ಕಾಲ, 1924ರಲ್ಲಿಯೂ 1925ರಲ್ಲಿಯೂ ನ್ಯೂ ಮೆಕ್ಸಿಕೋ ಪ್ರಾಂತದ ಝೂನಿ ಎಂಬ ಊರು, 1925ರಲ್ಲೇ ಕೊಚಿಟಿ, 1927ರಲ್ಲಿ ಪೀಮಾ ಜನರು. ಈ ಕೆಲಸಕ್ಕೆ ಹಣ ಒದಗಿಸಿದವರಲ್ಲಿ ಮುಖ್ಯರು ಹಳೆಯ ಗುರುಗಳಾದ ಶ್ರೀಮತಿ ಪಾರ್ಸನ್ಸ್; ಅವರು ಶ್ರೀಮಂತರು. ಝೂನಿಗೆ ಮೊದಲ ಬಾರಿ ಹೋದಾಗ ಜೊತೆಗಿದ್ದವರು ಬೋಆಸ್ ಅವರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ರೂತ್ ಬಂಜೆಲ್. ಆಕೆಯೂ ಆ ಪ್ರಯಾಣದಿಂದಲೇ ಮಾನವಶಾಸ್ತ್ರಜ್ಞೆಯಾದರು. ಕೆಂಪು ಮಣ್ಣಿನ ಬಯಲು, ಒಂದರ ಮೇಲೊಂದು ಏರಿಸಿ ಕಟ್ಟಿದ ಮಣ್ಣಿನ ಮನೆಗಳು, ಸುಡುವ ಬಿಸಿಲು. ಹೊಸ ಭಾಷೆಯನ್ನು ಕಿವಿಯಿಂದ ಹಿಡಿಯಲಾರದ ಬೆನೆಡಿಕ್ಟ್ ದುಭಾಷಿಯನ್ನು ಕೂರಿಸಿಕೊಂಡು, ಮುದುಕರು ಹೇಳಿದ ಕಥೆಗಳನ್ನು ದಿನವೆಲ್ಲ ಬರೆದುಕೊಳ್ಳುತ್ತಿದ್ದರು. ಆ ಕಥೆಗಳು 1935ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದವು. ರಜೆ ಮುಗಿದೊಡನೆ ಮತ್ತೆ ರೈಲು ಹತ್ತಿ, ನಗರಕ್ಕೆ ಬಂದು, ಹೊಸ ವರ್ಷದ ಪಾಠ.

ಗಂಡಹೆಂಡಿರ ನಡುವೆ ಬಿರುಕು ಬಹಳ ದಿನಗಳಿಂದ ಇದ್ದಿತು. 1930ರ ಹೊತ್ತಿಗೆ ಇಬ್ಬರೂ ಬೇರೆಯಾದರು. ಆಗ ಬೋಆಸ್ ಅವರು ಎಚ್ಚೆತ್ತರು. ಇನ್ನು ಈಕೆ ತನ್ನ ಅನ್ನವನ್ನು ತಾನೇ ಸಂಪಾದಿಸಬೇಕು, ಖಾಯಂ ಆದ ಕೆಲಸ ಬೇಕೇ ಬೇಕು ಎಂದು ಪಟ್ಟು ಹಿಡಿದು, 1931ರಲ್ಲಿ ಸಹಾಯಕ ಪ್ರಾಧ್ಯಾಪಕಿಯ ಸ್ಥಾನವನ್ನು ಕೊಡಿಸಿದರು. ಎಂಟು ವರ್ಷದ ಪಾಠದಿಂದ ಆಗದ ಕಾರ್ಯ ಒಂದು ಸಂಸಾರ ಒಡೆದುದರಿಂದ ಆಯಿತು. ಬೋಆಸ್ ಅವರಂಥ ನ್ಯಾಯವಂತರಿಗೂ ಹೆಂಡತಿಯಾದವಳ ದುಡಿಮೆಗೆ ಬೆಲೆ ಕಟ್ಟುವಾಗ ಗಂಡನ ಸಂಬಳವೇ ಮುಂದೆ ಬಂದಿತಲ್ಲ ಎಂದು ನನಗೆ ಇಂದಿಗೂ ಬೇಸರ. ದೊಡ್ಡವರನ್ನು ಹೀಗೆ ತೂಗುವುದು ಉದ್ಧಟತನವಾದರೆ ಅಧ್ಯಾಪಕರು ಕ್ಷಮಿಸಬೇಕು.

ಕುರ್ಚಿ ಗಟ್ಟಿಯಾದ ಮೂರು ವರ್ಷಕ್ಕೆ, 1934ರಲ್ಲಿ, ಮೇಡಂ ನನಗೆ ಕೊಟ್ಟ ಆ ಪುಸ್ತಕ ಹೊರಬಂದಿತು. ಅದರಲ್ಲಿನ ವಿಚಾರವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮನುಷ್ಯನ ಬಾಯಿ ಎಣಿಕೆಗೆ ಸಿಕ್ಕದಷ್ಟು ಧ್ವನಿಗಳನ್ನು ಹೊರಡಿಸಬಲ್ಲದು. ಆದರೆ ಯಾವ ಭಾಷೆಯೂ ಎಲ್ಲವನ್ನೂ ಬಳಸುವುದಿಲ್ಲ. ಕೆಲವನ್ನು ಆರಿಸಿಕೊಂಡು ಉಳಿದುದನ್ನು ಬಿಡುತ್ತದೆ. ನಮ್ಮ ‘ಳ’ಕಾರ ಇಂಗ್ಲಿಷರಿಗೆ ಬೇಡವಾಯಿತು; ಅವರ ಕೆಲವು ಧ್ವನಿಗಳು ನಮ್ಮ ನಾಲಗೆಗೆ ಹತ್ತುವುದಿಲ್ಲ. ಸಂಸ್ಕೃತಿಯೂ ಹಾಗೆಯೇ. ಮನುಷ್ಯನಿಂದ ಸಾಧ್ಯವಾದ ನಡೆನುಡಿಗಳು ಅಪಾರ; ಒಂದೊಂದು ಜನಾಂಗವೂ ಅದರಲ್ಲಿ ಕೆಲವನ್ನು ಹೆಕ್ಕಿಕೊಂಡು, ತನ್ನದೇ ಒಂದು ನೇಯ್ಗೆಯನ್ನು ನೇಯುತ್ತದೆ. ಇದಕ್ಕೆ ಬೆನೆಡಿಕ್ಟ್ ಮೂರು ಜನಾಂಗಗಳನ್ನು ತೆಗೆದುಕೊಂಡರು. ಎಲ್ಲದರಲ್ಲಿಯೂ ಮಿತವನ್ನು ಬಯಸುವ ಝೂನಿಗಳು. ನೆರೆಯವನ ಮಾಟಮಂತ್ರಕ್ಕೆ ಅಂಜಿ ಗೆಣಸಿನ ತೋಟವನ್ನು ಕಾಯುವ, ನ್ಯೂಗಿನಿಯ ಬಳಿಯ ಡೋಬು ದ್ವೀಪದವರು. ಹಬ್ಬ ಕೂಡಿಸಿ ಸ್ವತ್ತನ್ನು ದಾನಮಾಡಿಯೂ ನಾಶಮಾಡಿಯೂ ಎದುರಾಳಿಯನ್ನು ನಾಚಿಸುವ, ಕೆನಡದ ಪಶ್ಚಿಮ ಕರಾವಳಿಯ ಕ್ವಾಕಿಯೂಟಲರು. ಝೂನಿಯದು ತಾವು ಕಂಡದ್ದು; ಡೋಬುವಿನದು ರಿಯೊ ಫಾರ್ಚೂನ್ ಎಂಬವರ ಸಂಶೋಧನೆ; ಕ್ವಾಕಿಯೂಟಲರದು ಬೋಆಸ್ ಅವರ ದುಡಿಮೆ.

ಒಂದು ಊರಿನಲ್ಲಿ ಹುಚ್ಚನೆನಿಸಿಕೊಂಡವನು ಮತ್ತೊಂದು ಊರಿನಲ್ಲಿ ಗಣ್ಯನಾಗಿರಬಹುದು ಎಂಬ ಮಾತು ಆ ಪುಸ್ತಕದಿಂದ ತಾನಾಗಿ ಹೊರಡುತ್ತದೆ. ಜಾತಿಯಿಂದಲೋ ಬಡತನದಿಂದಲೋ ಒಂದು ಮೂಲೆಗೆ ನಿಂತು ಬೆಳೆದವರಿಗೆ ಈ ಮಾತಿನ ರುಚಿ ಬೇರೆ. ಆದರೆ ನಂತರದ ವಿದ್ವಾಂಸರು ಈ ಪುಸ್ತಕವನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಝೂನಿಯಲ್ಲಿಯೂ ಜಗಳವುಂಟು, ಕುಡಿತವುಂಟು. ಇಡೀ ಜನಾಂಗಕ್ಕೆ ಒಂದೇ ಸ್ವಭಾವವನ್ನು ಹಚ್ಚಿ, ಹೊಂದದೆ ಇದ್ದುದನ್ನು ಬಿಟ್ಟರು ಎಂದು ಆಕ್ಷೇಪಿಸಿದರು. ಆಕ್ಷೇಪಣೆ ಸರಿಯೆಂದೇ ನನಗೂ ತೋರುತ್ತದೆ. ನಮ್ಮೂರಿನ ಒಂದು ಓಣಿಯ ಸ್ವಭಾವ ಇಂಥದೇ ಎಂದು ಹೇಳುವುದಕ್ಕೆ ನನಗೆ ಧೈರ್ಯ ಬಾರದು.

1936ರಲ್ಲಿ ಬೋಆಸ್ ನಿವೃತ್ತರಾದರು. ವಿಭಾಗದ ಹೊಣೆಯನ್ನು ಬೆನೆಡಿಕ್ಟ್ ವಹಿಸಿಕೊಂಡು ನಡೆಸಿದರು, ಆದರೆ ಹಂಗಾಮಿಯಾಗಿ. ಖಾಯಂ ಮುಖ್ಯಸ್ಥರಾಗಿ ಹೊರಗಿನಿಂದ ರಾಲ್ಫ್ ಲಿಂಟನ್ ಎಂಬವರನ್ನು 1937ರಲ್ಲಿ ಕರೆತಂದರು. ಲಿಂಟನ್ನರೂ ವಿದ್ವಾಂಸರೇ, ಇಬ್ಬರಿಗೂ ಮಾತ್ರ ಕೂಡಿಬರಲಿಲ್ಲ. ಹಂಗಾಮಿ ಎಂಬ ಪದ ನಮ್ಮ ಕಚೇರಿಗಳಲ್ಲಿ ಎಷ್ಟು ಬಳಕೆಯಲ್ಲಿದೆಯೋ ಅಲ್ಲಿಯೂ ಅಷ್ಟೇ ಇದ್ದಂತೆ ಕಾಣುತ್ತದೆ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಬೆನೆಡಿಕ್ಟ್ ಜನಾಂಗದ್ವೇಷದ ವಿರುದ್ಧ ಲೇಖನಿ ಹಿಡಿದರು. 1940ರಲ್ಲಿ ಒಂದು ಗ್ರಂಥ; 1943ರಲ್ಲಿ ಜೀನ್ ವೆಲ್ಟ್‌ಫಿಶ್ ಅವರೊಡನೆ ಸೇರಿ ಜನಸಾಮಾನ್ಯರಿಗಾಗಿ, ‘ದಿ ರೇಸಸ್ ಆಫ್ ಮ್ಯಾನ್‌ಕೈಂಡ್’ ಎಂಬ ಹತ್ತು ಸೆಂಟಿನ ಕಿರುಹೊತ್ತಗೆ. ಮೊದಲನೆಯ ಯುದ್ಧದಲ್ಲಿ ಅಮೆರಿಕದ ಸೈನ್ಯ ನಡೆಸಿದ ಬುದ್ಧಿಪರೀಕ್ಷೆಗಳಲ್ಲಿ, ಉತ್ತರದ ಕೆಲವು ರಾಜ್ಯಗಳ ಕರಿಯರು ದಕ್ಷಿಣದ ಕೆಲವು ರಾಜ್ಯಗಳ ಬಿಳಿಯರಿಗಿಂತ ಹೆಚ್ಚು ಅಂಕ ಪಡೆದಿದ್ದರು. ಶಾಲೆಗಳು ಚೆನ್ನಾಗಿದ್ದರೆ ಬುದ್ಧಿ ಬೆಳೆಯುತ್ತದೆ, ಚರ್ಮದ ಬಣ್ಣದಿಂದಲ್ಲ ಎಂಬುದು ಅದರ ಅರ್ಥ. ಇದನ್ನು ಅಚ್ಚುಮಾಡಿದುದೇ ತಪ್ಪಾಯಿತು. ದಕ್ಷಿಣದ ಕೆಂಟಕಿಯಿಂದ ಆರಿಸಿ ಬಂದ ಶಾಸನಸಭೆಯ ಸದಸ್ಯರೊಬ್ಬರು ಕಿಡಿಕಿಡಿಯಾದರು. 1944ರಲ್ಲಿ ಸೈನಿಕರಿಗೆ ಹಂಚಬೇಕಾಗಿದ್ದ ಆ ಹೊತ್ತಗೆಯನ್ನು ಸೈನ್ಯ ತಡೆಹಿಡಿಯಿತು.

ಅಷ್ಟರಲ್ಲಿ ಬೆನೆಡಿಕ್ಟ್ ವಾಷಿಂಗ್ಟನ್ನಿನ ಯುದ್ಧವಾರ್ತಾ ಕಚೇರಿಗೆ ಹೋಗಿದ್ದರು. ಶತ್ರುದೇಶವಾದ ಜಪಾನಿನ ಜನರ ಮನೋಧರ್ಮವನ್ನು ವಿವರಿಸುವುದು ಅಲ್ಲಿ ಆಕೆಯ ಕೆಲಸ. ಜಪಾನಿಗೆ ಹೋಗುವಂತಿಲ್ಲ, ಭಾಷೆ ಬಾರದು. ಅಮೆರಿಕದಲ್ಲಿದ್ದ ಜಪಾನೀಯರನ್ನು ಕೇಳಿ, ಅವರ ಚಲನಚಿತ್ರಗಳನ್ನು ನೋಡಿ, ಪುಸ್ತಕಗಳ ಅನುವಾದಗಳನ್ನು ಓದಿ, 1946ರಲ್ಲಿ ‘ದಿ ಕ್ರಿಸಾಂಥಮಮ್ ಅಂಡ್ ದಿ ಸ್ವೋರ್ಡ್’ ಎಂಬ ಗ್ರಂಥವನ್ನು ಹೊರತಂದರು. ಸೇವಂತಿಗೆ ಮತ್ತು ಕತ್ತಿ ಎಂದು ಅದರ ಅರ್ಥ. ಜಪಾನೀಯರೇ ಅದನ್ನು 1948ರಲ್ಲಿ ತಮ್ಮ ಭಾಷೆಗೆ ತಂದುಕೊಂಡು, ಒಪ್ಪುತ್ತ ಜಗಳಾಡುತ್ತ ಓದಿದರು.

1947ರಲ್ಲಿ ಅಮೆರಿಕದ ಮಾನವಶಾಸ್ತ್ರ ಸಂಘದ ಅಧ್ಯಕ್ಷಸ್ಥಾನ ಬಂದಿತು. ನೌಕಾಪಡೆಯ ಸಂಶೋಧನಾ ಇಲಾಖೆಯಿಂದ ದೊಡ್ಡ ಮೊತ್ತದ ಸಹಾಯಧನ ದೊರೆತು, ಅನೇಕ ದೇಶಗಳ ಸಂಸ್ಕೃತಿಗಳನ್ನು ಕುರಿತ ಸಂಶೋಧನೆ ಆಕೆಯ ಮುಂದಾಳತನದಲ್ಲಿ ಕೊಲಂಬಿಯದಲ್ಲಿ ಆರಂಭವಾಯಿತು. ಇಷ್ಟಾದರೂ ವಿಶ್ವವಿದ್ಯಾನಿಲಯ ಆಕೆಯನ್ನು ಪೂರ್ಣ ಪ್ರಾಧ್ಯಾಪಕಿಯನ್ನಾಗಿ ಮಾಡಿದುದು 1948ರ ಜುಲೈ ತಿಂಗಳಲ್ಲಿ. ಕೊಲಂಬಿಯದ ರಾಜ್ಯಶಾಸ್ತ್ರ ನಿಕಾಯದಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಆಕೆ. ಪಾಠ ಹೇಳತೊಡಗಿ ಇಪ್ಪತ್ತೈದು ವರ್ಷಗಳಾಗಿದ್ದವು. ಆ ಬೇಸಗೆಯಲ್ಲಿ ಯೂರೋಪಿಗೆ ಹೋಗಿ ಬಂದವರು ಹೃದಯಾಘಾತಕ್ಕೆ ತುತ್ತಾಗಿ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. ಅರವತ್ತೊಂದು ವಯಸ್ಸು. ಪ್ರಾಧ್ಯಾಪಕಿಯೆಂಬ ಹೆಸರಿಗೆ ಮೂರು ತಿಂಗಳೂ ತುಂಬಲಿಲ್ಲ. 1995ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಬೆನೆಡಿಕ್ಟ್ ಅವರ ಕಥೆ ಇಲ್ಲಿಗೆ ಮುಗಿಯಿತು. ಆದರೆ ಕಿರುಹೊತ್ತಗೆಯ ಜೊತೆಗಾರ್ತಿ ಜೀನ್ ವೆಲ್ಟ್‌ಫಿಶ್ ಅವರ ವಿಚಾರವನ್ನು ಬಿಟ್ಟರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಪಾನಿ ಜನರ ಭಾಷೆ, ಕುಶಲಕೆಲಸಗಳನ್ನು ಬಲ್ಲ ಈಕೆ 1929ರಲ್ಲಿ ಪ್ರಬಂಧವನ್ನು ಮುಗಿಸಿದ್ದರು. ಪ್ರಬಂಧ ಅಚ್ಚಾಗದ ಹೊರತು ಪದವಿಯಿಲ್ಲವೆಂಬ ನಿಯಮ ಕೊಲಂಬಿಯದಲ್ಲಿ ಇದ್ದುದರಿಂದ, ಅಚ್ಚಿಗೆ ಹಣವಿಲ್ಲದ ಆಕೆಗೆ ಪಿಎಚ್.ಡಿ. ಬಂದುದು 1950ರಲ್ಲಿ. 1935ರಿಂದ ಅದೇ ವಿಭಾಗದಲ್ಲಿ ಉಪನ್ಯಾಸಕಿ. ಆಕೆಯದೂ ವರ್ಷ ವರ್ಷದ ನೇಮಕವೇ. ಬೆನೆಡಿಕ್ಟ್ ಅವರಿಗೆ ಎಂಟು ವರ್ಷಕ್ಕೆ ತಪ್ಪಿದ ಈ ಪಾಡು ವೆಲ್ಟ್‌ಫಿಶ್ ಅವರಿಗೆ ಹದಿನೇಳು ಹದಿನೆಂಟು ವರ್ಷವಾದರೂ ತಪ್ಪಲಿಲ್ಲ. 1952ರಲ್ಲಿ, ಕಮ್ಯುನಿಸ್ಟರನ್ನು ಹುಡುಕುವ ಸೆನೆಟ್ ಸಮಿತಿಯೊಂದರ ಮುಂದೆ ಆಕೆಯನ್ನು ನಿಲ್ಲಿಸಿ ಪ್ರಶ್ನಿಸಿದರು. 1953ರಲ್ಲಿ ವಿಶ್ವವಿದ್ಯಾನಿಲಯ ಆಕೆಯ ನೇಮಕವನ್ನು ಮುಂದುವರಿಸಲಿಲ್ಲ. ತೆಗೆದುಹಾಕಿದೆವೆಂದು ಯಾರೂ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಹೊಸ ಕಾಗದ ಬರಲಿಲ್ಲ, ಅಷ್ಟೆ. ಮತ್ತೆ ಒಂದು ವಿಶ್ವವಿದ್ಯಾನಿಲಯದಲ್ಲಿ ಕೆಲಸ ಸಿಕ್ಕಿದುದು 1961ರಲ್ಲಿ. ಖಾಯಂ ನೇಮಕವೆಂದರೆ ಸಂಬಳ, ಪಿಂಚಣಿ ಎಂದಷ್ಟೇ ನಾನು ತಿಳಿದಿದ್ದೆ. ತಿಳಿದುದನ್ನು ತಿಳಿದಂತೆ ಹೇಳಿದ ಮೇಲೂ ಮರುದಿನ ತರಗತಿಗೆ ಬರಬಹುದೆಂಬ ಭರವಸೆಯೂ ಅದರಲ್ಲಿದೆಯೆಂಬುದು ಈಕೆಯ ಬಾಳನ್ನು ಓದಿದಾಗ ಹೊಳೆಯಿತು.

ನಮ್ಮ ತಂದೆಯವರು ಪೇಟೆಯಲ್ಲಿ ಹಮಾಲಿ. ಮೆಣಸಿನಕಾಯಿಯ ಹಂಗಾಮಿನಲ್ಲಿ ಚೀಲಗಳು ಬಂದ ದಿನ ಕೂಲಿ, ಬಾರದ ದಿನ ಇಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಧಾರವಾಡದಲ್ಲಿ ಮಾನವಶಾಸ್ತ್ರದ ಎಂ.ಎ. ಓದಬೇಕೆಂದು ನಾನು ಹೇಳಿದಾಗ ಅಪ್ಪ ಆ ಶಾಸ್ತ್ರವೇನೆಂದು ಕೇಳಲಿಲ್ಲ. ಓದಿ ಮುಗಿಸಿದರೆ ಕೆಲಸ ಖಾಯಮ್ಮೋ ಹೇಗೆ ಎಂದು ಮಾತ್ರ ಕೇಳಿದರು. ಬೇರೆಯವರು ಕೇಳಿದ್ದರೆ ಏನಾದರೂ ದೊಡ್ಡ ಮಾತು ಹೇಳಿಬಿಡುತ್ತಿದ್ದೆನೇನೊ. ದಿನಗೂಲಿಯಲ್ಲಿ ಮೂವತ್ತು ವರ್ಷ ಚೀಲ ಹೊತ್ತವರ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಖಾಯಂ ಆಗುವುದು ಖಚಿತವಿಲ್ಲ, ವರ್ಷಕ್ಕೊಮ್ಮೆ ಕಾಗದ ಬರುವ ಕೆಲಸವೇ ಮೊದಲು ಸಿಕ್ಕಬಹುದು ಎಂದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಅರ್ಜಿಯ ಶುಲ್ಕವೆಷ್ಟೆಂದು ಕೇಳಿದರು.

ತರಗತಿಗಳು ಆರಂಭವಾದ ಮೇಲೆ ಮೇಡಂ ಅವರು ಮಾತಿನಂತೆ ಆ ಪುಸ್ತಕದ ಬಗ್ಗೆ ಕೇಳಿದರು. ಬಿಟ್ಟುಹೋದ ಎರಡು ತಿಂಗಳ ಪಾಠವನ್ನು ಭಾನುವಾರಗಳಲ್ಲಿ ತುಂ‌ಬಿಕೊಟ್ಟರು. ಬಸ್ಸಿನ ಖರ್ಚು ಅವರದೇ. ಅತಿಥಿ ಉಪನ್ಯಾಸಕರ ಕಥೆಯನ್ನು ಬರೆಯಬೇಕೆಂದಿದ್ದೇನೆ ಎಂದಾಗ ನಕ್ಕು, ತಮ್ಮ ವಿಚಾರ ಬೇಡ, ಬೆನೆಡಿಕ್ಟರ ವಿಚಾರ ಬರೆಯಬೇಕೆಂದು ಹೇಳಿದರು. ಅವರ ಮಾತನ್ನು ಪೂರ್ತಿ ಪಾಲಿಸಲು ಆಗಲಿಲ್ಲ. ಅವರ ಈ ವರ್ಷದ ನೇಮಕ ಪರೀಕ್ಷೆಗಳೊಂದಿಗೆ ಮುಗಿಯುತ್ತದೆ. ಈ ಸಂಚಿಕೆ ಅಚ್ಚಾಗಿ ಬರುವಷ್ಟರಲ್ಲಿ ಅವರು ಯಾವ ಊರಿನ ಕಾಲೇಜಿನಲ್ಲಿರುತ್ತಾರೋ ತಿಳಿಯದು. ಅವರ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ಅದರೊಂದಿಗೆ ಕಳುಹಿಸಲು ಸಂಚಿಕೆಯ ಒಂದು ಪ್ರತಿಯನ್ನು ಹೆಚ್ಚಾಗಿ ಕೊಡಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.